ಹದಿನೇಳು ವರ್ಷ, ಸೊನ್ನೆ ದಿನ

ಹ್ಯಾಟ್ರಿಕ್ ಎಂಬ ಫುಟ್‌ಬಾಲ್ ತಂಡ ನಡೆಸುವ ಆಟವನ್ನು ಆಡುವವರಲ್ಲಿ ಆಳವಾಗಿ ಬೇರುಬಿಟ್ಟ ನಂಬಿಕೆಯೊಂದಿದೆ. ಯುವ ಅಕಾಡೆಮಿಗೆ ಬರುವ ಹುಡುಗರಲ್ಲಿ ಕೆಲವರು ಹುಟ್ಟಾ ಪ್ರತಿಭಾವಂತರು, ಉಳಿದವರು ಲೆಕ್ಕಕ್ಕಿಲ್ಲ. ಒಳ್ಳೆಯ ಹುಡುಗ ಸಿಗುವುದು ಅದೃಷ್ಟ, ಸಿಕ್ಕಿದ ಮೇಲೆ ದುಡ್ಡು ತಾನಾಗಿ ಬರುತ್ತದೆ. ಇದನ್ನು ನೆಚ್ಚಿಕೊಂಡು ಎಷ್ಟೋ ಮ್ಯಾನೇಜರ್‌ಗಳು ಒಳ್ಳೆಯ ಹುಡುಗರನ್ನು ತಪ್ಪು ವಾರದಲ್ಲಿ, ತಪ್ಪು ಹೊತ್ತಿನಲ್ಲಿ ಮಾರಿಬಿಡುತ್ತಾರೆ. ಸ್ಕೌಟ್ ಯಾರ ಹೆಸರು ತರುತ್ತಾನೆ ಎಂಬುದರಲ್ಲಿ ಅದೃಷ್ಟಕ್ಕೆ ಪಾಲಿದೆ, ನಿಜ. ಅಲ್ಲಿಂದಾಚೆಗೆ ಹುಡುಗನ ಬೆಲೆಯನ್ನು ಕಟ್ಟುವುದು ಅವನ ವಯಸ್ಸಿನ ದಿನಗಳು, ಅವನು ಆಡಿದ ನಿಮಿಷಗಳು ಮತ್ತು ಕೊಳ್ಳುವವನ ಅಗತ್ಯ.

ಹ್ಯಾಟ್ರಿಕ್ ಹುಟ್ಟಿದ್ದು 1997ರಲ್ಲಿ, ಸ್ವೀಡನ್‌ನಲ್ಲಿ. ಬ್ಯೋರ್ನ್ ಹೋಲ್ಮೇರ್ ಶುರುಮಾಡಿದ ಈ ಬ್ರೌಸರ್ ಆಟದಲ್ಲಿ ಯಾರೂ ಚೆಂಡು ಒದೆಯುವುದಿಲ್ಲ. ತಂಡ ಕಟ್ಟುವುದು, ತರಬೇತಿ ನಿರ್ಧರಿಸುವುದು, ಕೊಳ್ಳುವುದು, ಮಾರುವುದು, ಇಷ್ಟೇ ಕೆಲಸ. ಎಂಟು ತಂಡಗಳ ಸರಣಿ, 14 ಲೀಗ್ ಪಂದ್ಯ, 16 ವಾರಗಳ ಸೀಸನ್. ಒಂದು ಕಾಲಕ್ಕೆ ಹತ್ತಿರ ಹತ್ತಿರ ಹತ್ತು ಲಕ್ಷ ಜನ ಇದನ್ನು ಆಡುತ್ತಿದ್ದರು. ಭಾರತಕ್ಕೂ ಅಲ್ಲಿ ಲೀಗ್ ಇದೆ, ಮ್ಯಾನೇಜರ್‌ಗಳೇ ಮತ ಹಾಕಿ ಕೋಚ್ ಆರಿಸುವ ರಾಷ್ಟ್ರೀಯ ತಂಡವೂ ಇದೆ.

ಹುಟ್ಟು ಪ್ರತಿಭೆಯ ನಂಬಿಕೆ ಬಹುಮಟ್ಟಿಗೆ ಬೇರೆ ಆಟದಿಂದ ಬಂದದ್ದು. ಚಾಂಪಿಯನ್‌ಶಿಪ್ ಮ್ಯಾನೇಜರ್ ಮತ್ತು ಅದರ ಮುಂದುವರಿಕೆಯಾದ ಫುಟ್‌ಬಾಲ್ ಮ್ಯಾನೇಜರ್‌ನಲ್ಲಿ ಪ್ರತಿ ಆಟಗಾರನಿಗೂ ಕಣ್ಣಿಗೆ ಕಾಣದ ಒಂದು ಅಂಕಿ ಇರುತ್ತದೆ: ಅವನು ಗರಿಷ್ಠ ಎಲ್ಲಿಯವರೆಗೆ ಬೆಳೆಯಬಲ್ಲ ಎಂಬುದು, 200ರ ಅಳತೆಯಲ್ಲಿ. ಮಿಲ್‌ವಾಲ್ ಕ್ಲಬ್ಬಿನ ಹುಡುಗ ಚೆರ್ನೊ ಸಾಂಬಾ, 14ನೇ ವಯಸ್ಸಿನಲ್ಲೇ ಅಮೆರಿಕದ ವೃತ್ತಿಪರ ಲೀಗ್‌ಗೆ ಇಳಿದ ಫ್ರೆಡಿ ಆಡು, ಇವರಿಬ್ಬರೂ ಆ ಆಟಗಳಲ್ಲಿ ದಂತಕಥೆಗಳಾದದ್ದು ಅದೇ ಅಂಕಿಯ ಬಲದಿಂದ. ನಿಜವಾದ ಮೈದಾನದಲ್ಲಿ ಇಬ್ಬರೂ ಆ ಎತ್ತರಕ್ಕೆ ಏರಲಿಲ್ಲ. ಆದರೆ ಒಳಗೆಲ್ಲೋ ಒಂದು ಮಿತಿ ಬರೆದಿಟ್ಟಿದೆ, ಅದನ್ನು ಪತ್ತೆಹಚ್ಚಿದವನೇ ಗೆದ್ದ ಎಂಬ ಎಣಿಕೆ ಒಂದು ತಲೆಮಾರಿನ ಆಟಗಾರರ ಮನಸ್ಸಿನಲ್ಲಿ ಉಳಿಯಿತು. ಅವರು ಹ್ಯಾಟ್ರಿಕ್‌ಗೆ ಬರುವಾಗ ಅದೂ ಜೊತೆಗೇ ಬಂತು.

ಹ್ಯಾಟ್ರಿಕ್‌ನಲ್ಲೂ ಮಿತಿ ಇದೆ, ಆದರೆ ಅದು ಅಕಾಡೆಮಿಯ ಬಾಗಿಲವರೆಗೆ ಮಾತ್ರ. ಗೋಲ್‌ಕೀಪಿಂಗ್, ಡಿಫೆಂಡಿಂಗ್, ಪ್ಲೇಮೇಕಿಂಗ್, ವಿಂಗರ್, ಪಾಸಿಂಗ್, ಸ್ಕೋರಿಂಗ್, ಸೆಟ್ ಪೀಸ್ ಎಂಬ ಒಂದೊಂದು ಕೌಶಲದಲ್ಲೂ ಹುಡುಗ ಅಕಾಡೆಮಿಯೊಳಗೆ ಎಷ್ಟು ದೂರ ಹೋಗಬಲ್ಲ ಎಂಬುದು ನಿಗದಿಯಾಗಿರುತ್ತದೆ. ಅತಿ ಹೆಚ್ಚೆಂದರೆ ‘ಎಕ್ಸಲೆಂಟ್’, ಅಂದರೆ ಎಂಟನೇ ಮೆಟ್ಟಿಲು. ಅವನು ಸೀನಿಯರ್ ತಂಡಕ್ಕೆ ಬಡ್ತಿ ಪಡೆದ ಗಳಿಗೆಯಿಂದ ಆ ಮಿತಿ ಇಲ್ಲವಾಗುತ್ತದೆ. ಅಕಾಡೆಮಿಯಲ್ಲಿ ಪಾಸಿಂಗ್ ಐದಕ್ಕೇ ನಿಂತುಬಿಟ್ಟಿದ್ದ ಹುಡುಗನೂ ಸೀನಿಯರ್ ತರಬೇತಿಯಲ್ಲಿ ಆರು, ಏಳು, ಹತ್ತು ದಾಟಬಹುದು. ‘ಇವನ ಕತೆ ಮುಗಿಯಿತು’ ಎಂದು ಮ್ಯಾನೇಜರ್ ಕೈಬಿಟ್ಟ ಹುಡುಗನನ್ನು ಇನ್ನೊಬ್ಬ ಕೊಂಡು ಬೆಳೆಸುವುದು ಇದರಿಂದಲೇ ಸಾಧ್ಯ.

ಇದರ ಬೆನ್ನಿಗೇ ಬರುವ ಇನ್ನೊಂದು ಮಾತು: ‘ಕೆಲವರು ಬೇಗ ಕಲಿಯುತ್ತಾರೆ, ಅವರಲ್ಲಿ ಗುಪ್ತ ಪ್ರತಿಭೆ ಇದೆ.’ ಇದನ್ನು ಹತ್ತಿರದಿಂದ ನೋಡಬೇಕು. ಒಂದೇ ಕ್ಲಬ್‌ನಲ್ಲಿ ಇಬ್ಬರು ಹುಡುಗರಿದ್ದಾರೆ ಎನ್ನಿ. ಇಬ್ಬರಿಗೂ ಹದಿನೇಳು, ಇಬ್ಬರ ಪ್ಲೇಮೇಕಿಂಗ್ ಕೂಡ ‘ಪಾಸಬಲ್’, ಅಂದರೆ ಆರು. ಒಂದೇ ಕೋಚ್, ಒಂದೇ ತರಬೇತಿ, ಇಬ್ಬರೂ ವಾರಕ್ಕೆ ಪೂರ್ತಿ 90 ನಿಮಿಷ ನಡುಮೈದಾನದಲ್ಲಿ ಆಡುತ್ತಾರೆ. ಮೊದಲನೆಯವನು ಬಂದ ವಾರವೇ ಏಳಕ್ಕೇರುತ್ತಾನೆ. ಎರಡನೆಯವನು ವಾರಗಳು ಉರುಳಿದರೂ ಅಲ್ಲೇ ಇರುತ್ತಾನೆ. ಮ್ಯಾನೇಜರ್ ಮೊದಲನೆಯವನನ್ನು ಇಟ್ಟುಕೊಂಡು ಎರಡನೆಯವನನ್ನು ಮಾರುತ್ತಾನೆ. ಆಗಿರುವುದು ಇಷ್ಟೇ: ಪರದೆಯ ಮೇಲೆ ಕಾಣುವುದು ಪೂರ್ಣಾಂಕ ಮಾತ್ರ, ಅದರ ಹಿಂದೆ ದಶಮಾಂಶ ಅಡಗಿದೆ. ಮೊದಲನೆಯವನು 6.9ರಲ್ಲಿದ್ದ, ಎರಡನೆಯವನು 6.1ರಲ್ಲಿದ್ದ. ಏಳರಿಂದ ಎಂಟಕ್ಕೆ ಹೋಗಲು ಇಬ್ಬರಿಗೂ ಬೇಕಾಗುವ ವಾರಗಳಲ್ಲಿ ಇಂಥ ಅಂತರ ಇರುವುದಿಲ್ಲ. ಒಳ್ಳೆಯವನು, ಪ್ರಾಮಾಣಿಕ, ಮುಂಗೋಪಿ ಎಂದು ಆಟಗಾರನ ಸ್ವಭಾವ ಬಣ್ಣಿಸುವ ಸಾಲುಗಳಿಗೂ ಕಲಿಕೆಯ ವೇಗಕ್ಕೂ ಸಂಬಂಧವಿಲ್ಲ.

ಕಲಿಕೆಯ ವೇಗವನ್ನು ನಿಜವಾಗಿ ಬದಲಿಸುವುದು ವಯಸ್ಸು, ಈಗಾಗಲೇ ಏರಿರುವ ಮೆಟ್ಟಿಲು, ಕೋಚ್ ಮತ್ತು ಸಹಾಯಕರ ಗುಣಮಟ್ಟ, ತರಬೇತಿಯ ತೀವ್ರತೆ. ಇವುಗಳಲ್ಲಿ ಮ್ಯಾನೇಜರ್ ದುಡ್ಡು ಕೊಟ್ಟು ಹಿಂದಕ್ಕೆ ತರಲಾಗದ್ದು ವಯಸ್ಸೊಂದೇ.

ಹ್ಯಾಟ್ರಿಕ್‌ನಲ್ಲಿ ಆಟಗಾರನ ಒಂದು ವರ್ಷ ಎಂದರೆ 112 ದಿನ. ಈ ಯುಗಾದಿಗೆ ಹದಿನೇಳು ತುಂಬಿದವನಿಗೆ ಮುಂದಿನ ಯುಗಾದಿಯ ಹೊತ್ತಿಗೆ ಇಪ್ಪತ್ತು ದಾಟಿರುತ್ತದೆ. ಹುಡುಗನನ್ನು ಸೀನಿಯರ್ ತಂಡಕ್ಕೆ ತರಬೇಕಾದರೆ ಅವನಿಗೆ ಹದಿನೇಳು ಆಗಿರಬೇಕು, ಜೊತೆಗೆ ಅಕಾಡೆಮಿಯಲ್ಲಿ ಕನಿಷ್ಠ 112 ದಿನ ಕಳೆದಿರಬೇಕು. ಈ ಎರಡು ಷರತ್ತು ಸೇರಿದಾಗ ಏನಾಗುತ್ತದೆ ನೋಡಿ. ಹದಿನೈದಕ್ಕೆ ಬಂದವನು ಹದಿನೇಳು ವರ್ಷ ಸೊನ್ನೆ ದಿನಕ್ಕೇ ಬಡ್ತಿಗೆ ಸಿದ್ಧ. ಹದಿನಾರು ವರ್ಷ 100 ದಿನಕ್ಕೆ ಬಂದವನು 112 ದಿನ ಕಾದು ಹೊರಬರುವಾಗ ಹದಿನೇಳು ವರ್ಷ 100 ದಿನ, ಅಂದರೆ ಹದಿನೆಂಟರ ಹೊಸ್ತಿಲು. ಕೌಶಲ ಒಂದೇ ಆಗಿದ್ದರೂ ಇವರಿಬ್ಬರ ಬೆಲೆ ಒಂದೇ ಅಲ್ಲ. ಕೊಳ್ಳುವವನಿಗೆ ಮೊದಲನೆಯವನಲ್ಲಿ ಹೆಚ್ಚುಕಡಿಮೆ ಒಂದು ಸೀಸನ್‌ನ ತರಬೇತಿ ಹೆಚ್ಚಿಗೆ ಸಿಗುತ್ತದೆ, ಅದೂ ಅತಿ ವೇಗದ ವಯಸ್ಸಿನಲ್ಲಿ. ಆದ್ದರಿಂದ ‘ಇನ್ನೊಂದಿಷ್ಟು ಬಲಿಯಲಿ, ಹದಿನೆಂಟೂವರೆಗೆ ಮಾರೋಣ’ ಎಂಬ ಲೆಕ್ಕಾಚಾರ ಬಹಳ ಸಲ ಕೈ ಸುಡುತ್ತದೆ. ಸಂಜೆಯ ಮಲ್ಲಿಗೆಯ ಹಾಗೆ, ತರಬೇತಿಗೆಂದು ಕೊಳ್ಳುವ ಹುಡುಗನ ದರ ಹೊತ್ತು ಸರಿದಷ್ಟೂ ಇಳಿಯುತ್ತದೆ.

ಎಲ್ಲರನ್ನೂ ಸೊನ್ನೆ ದಿನಕ್ಕೇ ಎಳೆದುಕೊಳ್ಳಬೇಕೆಂದು ಇದರ ಅರ್ಥವಲ್ಲ. ಮುಖ್ಯ ಕೌಶಲ ಏಳರಲ್ಲಿದ್ದು ಇನ್ನೇನು ಎಂಟಕ್ಕೇರುವ ಹುಡುಗನನ್ನು ಒಂದೆರಡು ವಾರ ಹಿಡಿದಿಡುವುದು ಬುದ್ಧಿವಂತಿಕೆಯೇ. ಮಾರುಕಟ್ಟೆಯಲ್ಲಿ ಮ್ಯಾನೇಜರ್‌ಗಳು ಹುಡುಕುವುದು ಪೂರ್ಣಾಂಕ ಹಾಕಿ. ಏಳರವನು ಎಂಟರ ಹುಡುಕಾಟದಲ್ಲಿ ಕಾಣುವುದೇ ಇಲ್ಲ. ಎರಡನೆಯ ಕೌಶಲವೂ ಅಷ್ಟೇ ಮುಖ್ಯ. ಡಿಫೆಂಡಿಂಗ್ ಏಳು, ಉಳಿದದ್ದೆಲ್ಲ ಎರಡು–ಮೂರು ಇರುವ ಹುಡುಗನಿಗಿಂತ ಡಿಫೆಂಡಿಂಗ್ ಏಳಕ್ಕೆ ಪ್ಲೇಮೇಕಿಂಗ್ ಐದು ಜೊತೆಗೂಡಿದವನನ್ನು ಕೊಳ್ಳುವವರು ಹೆಚ್ಚು. ತಲೆಯಾಟ, ವೇಗ, ತಾಂತ್ರಿಕ ಚಳಕದಂಥ ವಿಶೇಷ ಗುಣವೊಂದಿದ್ದರೆ ಹರಾಜು ಇನ್ನೂ ಬಿಸಿಯೇರುತ್ತದೆ. ಅಕಾಡೆಮಿಯಲ್ಲಿ ಎರಡು ತರಬೇತಿಗಳನ್ನು ಒಟ್ಟಿಗೆ ನಡೆಸುವ ಅವಕಾಶ ಇರುವುದು ಇಂಥ ಜೋಡಿಗಳನ್ನು ಕಟ್ಟಲೆಂದೇ. ಅದನ್ನು ಕಡೆಗಣಿಸಿ ಒಂದೇ ಕೌಶಲದ ಹಿಂದೆ ಬೀಳುವುದು ಈ ಆಟದಲ್ಲಿ ಕಾಣುವ ಅತಿ ದೊಡ್ಡ ವ್ಯರ್ಥ.

‘ಹತ್ತು ಹುಡುಗರನ್ನು ಕೊಂಡು ಬೆಳೆಸಿದರೆ ಹತ್ತು ಪಟ್ಟು ಲಾಭ.’ ಇದು ನಿಮಿಷಗಳ ಲೆಕ್ಕ ಮರೆತ ಮಾತು. ಸೀನಿಯರ್ ತಂಡದಲ್ಲಿ ತರಬೇತಿ ಪೂರ್ತಿ ದಕ್ಕುವುದು ಆ ವಾರ ಸರಿಯಾದ ಜಾಗದಲ್ಲಿ 90 ನಿಮಿಷ ಆಡಿದವನಿಗೆ ಮಾತ್ರ. 45 ಆಡಿದವನಿಗೆ ಅರ್ಧ. ವಾರಕ್ಕೆ ಲೀಗ್ ಪಂದ್ಯ ಒಂದು, ನಡುವಾರದ ಕಪ್ ಅಥವಾ ಸೌಹಾರ್ದ ಪಂದ್ಯ ಒಂದು. ಪ್ಲೇಮೇಕಿಂಗ್ ತರಬೇತಿಯಿದ್ದರೆ ಒಂದು ಪಂದ್ಯಕ್ಕೆ ಮೂವರು ನಡು ಮಿಡ್‌ಫೀಲ್ಡರ್‌ಗಳಂತೆ ಆರು ಜನರಿಗೆ ಪೂರ್ತಿ ಫಲ, ವಿಂಗರ್‌ಗಳಿಗೆ ಅರ್ಧ. ಡಿಫೆಂಡಿಂಗ್ ಆದರೆ ಐವರು ಡಿಫೆಂಡರ್‌ಗಳಂತೆ ಹತ್ತು ಜನ. ಗೋಲ್‌ಕೀಪಿಂಗ್ ಬೇಗ ಏರುತ್ತದೆಂದು ಅದರತ್ತ ಓಡುವವರಿಗೆ ಸಿಗುವುದು ವಾರಕ್ಕೆ ಇಬ್ಬರೇ. ಈ ಜಾಗಗಳಿಗಿಂತ ಹೆಚ್ಚು ಹುಡುಗರನ್ನು ತುಂಬಿಕೊಂಡರೆ ಮಿಕ್ಕವರು ಬೆಂಚಿನಲ್ಲಿ ಕೂತು ಸಂಬಳ ತಿನ್ನುತ್ತಾ ವಯಸ್ಸು ಕಳೆದುಕೊಳ್ಳುತ್ತಾರೆ. ಕೊಂಡ ಬೆನ್ನಿಗೇ ಮಾರಿ ಲಾಭ ಎತ್ತುವ ದಾರಿಗೂ ಅಡ್ಡಿಯಿದೆ: ಕ್ಲಬ್‌ನಲ್ಲಿ ಕಡಿಮೆ ದಿನ ಇದ್ದವನನ್ನು ಮಾರಿದರೆ ಏಜೆಂಟ್‌ಗೆ ಹೋಗುವ ಕಡಿತ ಹೆಚ್ಚು.

ಟಿಎಸ್ಐ ಎಂಬ ದೊಡ್ಡ ಅಂಕಿಯನ್ನು ಬೆಲೆ ಎಂದು ಓದುವವರೂ ಇದ್ದಾರೆ. ಅದು ಕೌಶಲಗಳ ಒಟ್ಟು ಸೂಚ್ಯಂಕ ಮಾತ್ರ. ಆಟಗಾರನ ಫಾರ್ಮ್ ಏರಿದರೆ ಅದೂ ಏರುತ್ತದೆ, ಫಾರ್ಮ್ ಕುಸಿದರೆ ಕುಸಿಯುತ್ತದೆ. ಒಳಗಿನ ಕೌಶಲ ಇದ್ದಲ್ಲೇ ಇರುತ್ತದೆ. ಫಾರ್ಮ್ ಬಿದ್ದ ವಾರದಲ್ಲಿ ಟಿಎಸ್ಐ ನೋಡಿ ಗಾಬರಿಯಾಗಿ ಮಾರಿದ ಹುಡುಗನನ್ನು ಕೌಶಲ ನೋಡುವವನು ಅಗ್ಗಕ್ಕೆ ಎತ್ತಿಕೊಳ್ಳುತ್ತಾನೆ. ದುಡ್ಡು ಕೊಟ್ಟು ‘ಸಪೋರ್ಟರ್’ ಆದವರಿಗೆ ಒಳ್ಳೆಯ ಹುಡುಗರು ಸಿಗುತ್ತಾರೆ ಎಂಬುದೂ ಸುಳ್ಳು. ಆ ಚಂದಾದಿಂದ ಅನುಕೂಲಗಳು ಸಿಗುತ್ತವೆ, ಮೈದಾನದಲ್ಲಾಗಲಿ ಅಕಾಡೆಮಿಯಲ್ಲಾಗಲಿ ಮೇಲುಗೈ ಸಿಗುವುದಿಲ್ಲ.

ಇನ್ನು ಮಾರಾಟ. ‘ಹುಡುಗ ಚೆನ್ನಾಗಿದ್ದರೆ ಯಾವಾಗ ಹಾಕಿದರೂ ಬೆಲೆ ಬರುತ್ತದೆ’ ಎನ್ನುವವರು ಗಡಿಯಾರ ನೋಡುವುದಿಲ್ಲ. ಹ್ಯಾಟ್ರಿಕ್‌ನಲ್ಲಿ ಮಾರಾಟವೆಲ್ಲ ಹರಾಜು. ಪಟ್ಟಿಗೆ ಹಾಕಿದ ಗಳಿಗೆಯಿಂದ ಸರಿಯಾಗಿ ಮೂರು ದಿನಕ್ಕೆ ಗಡುವು ಮುಗಿಯುತ್ತದೆ. ಕೊನೆಯ ನಿಮಿಷಗಳಲ್ಲಿ ಬಿಡ್ ಬಿದ್ದರೆ ಗಡುವು ಮೂರು ನಿಮಿಷ ಮುಂದಕ್ಕೆ ಹೋಗುತ್ತದೆ. ಪೈಪೋಟಿ ಕಾವೇರುವುದು ಈ ಕೊನೆಯ ಹೊತ್ತಿನಲ್ಲೇ. ಮೈಸೂರಿನ ಮ್ಯಾನೇಜರ್ ಒಬ್ಬ ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿಗೆ ಹೊರಡುವ ಮುಂಚೆ ಹುಡುಗನನ್ನು ಪಟ್ಟಿಗೆ ಹಾಕಿದ ಎನ್ನಿ. ಮೂರು ದಿನ ಬಿಟ್ಟು ಗಡುವು ಮುಗಿಯುವಾಗ ಸ್ವೀಡನ್, ಇಟಲಿ, ಸ್ಪೇನ್‌ಗಳಲ್ಲಿ ಚಳಿಗಾಲವಾದರೆ ಬೆಳಗಿನ ಜಾವ ನಾಲ್ಕೂವರೆ, ಬೇಸಿಗೆಯಾದರೆ ಐದೂವರೆ. ಕೊಳ್ಳುವವರಲ್ಲಿ ಬಹುಪಾಲು ಯುರೋಪಿನವರು, ಅವರು ಆಗ ನಿದ್ದೆಯಲ್ಲಿರುತ್ತಾರೆ. ಅದೇ ಹುಡುಗನನ್ನು ರಾತ್ರಿ ಹನ್ನೆರಡರ ಸುಮಾರಿಗೆ ಹಾಕಿದ್ದರೆ ಅಲ್ಲಿ ಸಂಜೆ ಏಳೂವರೆ ಅಥವಾ ಎಂಟೂವರೆ, ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂರುವ ಸಮಯ. ವಿದೇಶಿ ಕ್ಲಬ್ ಭಾರತದ ಹುಡುಗನನ್ನು ಕೊಂಡರೆ ಶೇಕಡಾ 20ರಷ್ಟು ಹೆಚ್ಚಿನ ಸಂಬಳ ಕೊಡಬೇಕಾಗುತ್ತದೆ ಎಂಬುದನ್ನೂ ಮಾರುವವನು ಲೆಕ್ಕಕ್ಕಿಟ್ಟುಕೊಳ್ಳಬೇಕು.

ಅಕಾಡೆಮಿ ಇರುವುದೇ ಮಾರಲು ಎನ್ನುವವರು ತವರಿನ ಬಲವನ್ನು ಮರೆಯುತ್ತಾರೆ. ಸ್ವಂತ ಅಕಾಡೆಮಿಯಿಂದ ಬಂದವನಿಗೆ ನಿಷ್ಠೆಯ ಲೆಕ್ಕದಲ್ಲಿ ಒಂದು ಪೂರ್ತಿ ಮೆಟ್ಟಿಲು, ತವರಿನ ಆಟಗಾರನೆಂದು ಇನ್ನರ್ಧ, ಒಟ್ಟು ಒಂದೂವರೆ ಮೆಟ್ಟಿಲು ಪಂದ್ಯದಲ್ಲಿ ಸೇರುತ್ತದೆ. ಹೊರಗಿನಿಂದ ಕೊಂಡವನು ನಿಷ್ಠೆಯನ್ನು ಕಾಲಕ್ರಮೇಣ ಗಳಿಸಬಲ್ಲ, ಆ ಅರ್ಧವನ್ನು ಎಂದಿಗೂ ಗಳಿಸಲಾರ. ಒಮ್ಮೆ ಮಾರಿ ಮತ್ತೆ ಕೊಂಡು ತಂದರೂ ಅದು ಮರಳುವುದಿಲ್ಲ. ಕೆಳಗಿನ ವಿಭಾಗದಲ್ಲಿ ಒದ್ದಾಡುವ ತಂಡಕ್ಕೆ ಸಾಧಾರಣ ಬೆಲೆಯ ತವರು ಹುಡುಗ ಮಾರಾಟದ ದುಡ್ಡಿಗಿಂತ ಹೆಚ್ಚು ಬಾಳುತ್ತಾನೆ.

ಮಾರಿದ ಮೇಲೆ ಹುಡುಗನಿಗೂ ಕ್ಲಬ್ಬಿಗೂ ನಂಟು ಮುಗಿಯಿತು ಎಂಬುದೂ ಸರಿಯಲ್ಲ. ಅವನು ಮುಂದೆ ಕೈ ಬದಲಾದಾಗಲೆಲ್ಲ ತವರು ಕ್ಲಬ್ಬಿಗೆ ಚಿಕ್ಕ ಪಾಲು ಬರುತ್ತದೆ. ಇದಕ್ಕೆ ಹೋಲುವ ವ್ಯವಸ್ಥೆ ನಿಜವಾದ ಫುಟ್‌ಬಾಲ್‌ನಲ್ಲೂ ಇದೆ. ಫಿಫಾದ ಐಕಮತ್ಯ ನಿಯಮದಂತೆ ವರ್ಗಾವಣೆ ಮೊತ್ತದ ಶೇಕಡಾ 5 ಭಾಗ ಆಟಗಾರನನ್ನು 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗುತ್ತದೆ: 15ರವರೆಗೆ ವರ್ಷಕ್ಕೆ ಶೇಕಡಾ 0.25, ಆಮೇಲೆ 0.5. 2019ರಲ್ಲಿ ಹತ್ತೊಂಬತ್ತರ ಜೊವಾವ್ ಫೆಲಿಕ್ಸ್ ಬೆನ್ಫಿಕಾದಿಂದ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಹೋದದ್ದು 12.6 ಕೋಟಿ ಯೂರೊಗೆ. 2015ರವರೆಗೆ ಅವನನ್ನು ತನ್ನ ಅಕಾಡೆಮಿಯಲ್ಲಿ ಇಟ್ಟುಕೊಂಡು ಬಿಟ್ಟುಕೊಟ್ಟಿದ್ದ ಪೋರ್ಟೊದಂಥ ಕ್ಲಬ್ಬಿಗೂ ಇಂಥ ವರ್ಗಾವಣೆಯಲ್ಲಿ ಹಕ್ಕು ಕೊಡುವುದು ಈ ನಿಯಮವೇ. ಹ್ಯಾಟ್ರಿಕ್‌ನಲ್ಲಿ ಬೇಡವಾದ ಹುಡುಗನನ್ನು ಒಂದೇ ಗುಂಡಿ ಒತ್ತಿ ವಜಾ ಮಾಡುವ ಮ್ಯಾನೇಜರ್ ಕಳೆದುಕೊಳ್ಳುವುದು ಇದೇ ಪಾಲನ್ನು. ಸೊನ್ನೆ ಬೆಲೆಗೆ ಪಟ್ಟಿಗೆ ಹಾಕಿದರೂ ಯಾರಾದರೂ ಎತ್ತಿಕೊಂಡು ಬೆಳೆಸಬಹುದು, ಮೂರು ಸೀಸನ್ ಬಿಟ್ಟು ಅವನು ಮತ್ತೆ ಹರಾಜಿಗೆ ಬಂದಾಗ ತವರು ಕ್ಲಬ್ಬಿನ ಖಾತೆಗೂ ಒಂದಿಷ್ಟು ಜಮೆಯಾಗಬಹುದು.