ಹೊಸ ರೂಪದ ಹೈಬ್ರಿಡ್ ಇನ್ನೋವಾ: ನಿತ್ಯದ ಓಡಾಟಕ್ಕೆ ತಕ್ಕುದೇ?

1997ನೆಯ ಇಸವಿಯನ್ನು ನಮ್ಮ ಭಾಗದ ಜನರು ಸುಲಭವಾಗಿ ಮರೆಯಲಾರರು. ಅಖಂಡ ವಿಜಾಪುರ ಜಿಲ್ಲೆಯಿಂದ ಬೇರೆಯಾಗಿ ಬಾಗಲಕೋಟೆ ಸ್ವತಂತ್ರ ಜಿಲ್ಲೆಯೆನಿಸಿದ್ದು ಆ ವರ್ಷದಲ್ಲಿ. ಬಿಡದಿಯಲ್ಲಿ ಕಾರುಗಳನ್ನು ತಯಾರಿಸುವ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆ ಸ್ಥಾಪನೆಯಾದುದೂ ಅದೇ ವರ್ಷ. ಆ ವರ್ಷದ ಡಿಸೆಂಬರಿನಲ್ಲಿಯೇ ಜಪಾನಿನಲ್ಲಿ ಪ್ರಿಯಸ್ ಎಂಬ ಕಾರು ಮಾರಾಟಕ್ಕೆ ಬಂದಿತು. ಪೆಟ್ರೋಲ್ ಎಂಜಿನ್ನನ್ನೂ ವಿದ್ಯುತ್ ಮೋಟಾರನ್ನೂ ಒಂದೇ ಒಡಲಿನಲ್ಲಿ ಕೂಡಿಸಿ, ದೊಡ್ಡ ಪ್ರಮಾಣದಲ್ಲಿ ತಯಾರಿಸಿದ ಜಗತ್ತಿನ ಮೊದಲ ಹೈಬ್ರಿಡ್ ಕಾರು ಅದು. ಪ್ರಿಯಸ್ 2010ರಲ್ಲಿ ಭಾರತಕ್ಕೂ ಬಂದಿತಾದರೂ, ಹೊರದೇಶದಿಂದ ತರಿಸಿದ ವಾಹನವಾದ್ದರಿಂದ ಅದರ ಬೆಲೆ ನಮ್ಮಂಥ ಕುಟುಂಬಗಳ ಕೈಗೆಟುಕುವಂತಿರಲಿಲ್ಲ. 2022ರ ನವೆಂಬರಿನಲ್ಲಿ ಇದೇ ತಂತ್ರವನ್ನು ಅಳವಡಿಸಿ ಪೂರ್ಣವಾಗಿ ಹೊಸದಾಗಿ ರೂಪಿಸಿದ ಇನ್ನೋವಾ ಹೈಕ್ರಾಸ್ ಅನಾವರಣಗೊಂಡ ಮೇಲೆ ಮಾತು ಬದಲಾಯಿತು. ಇನ್ನೋವಾ ನಮಗೆ ಪರಕೀಯ ವಾಹನವಲ್ಲವಷ್ಟೆ!

ಕಿರ್ಲೋಸ್ಕರ್ ಮನೆತನವೂ ಪರಕೀಯವಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಜನಿಸಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ; ಅವರು ಉದ್ಯಮ ಆರಂಭಿಸಿದ್ದು ಬೆಳಗಾವಿಯ ಸೈಕಲ್ ಅಂಗಡಿಯಿಂದ. ಇದು ಅಭಿಮಾನದ ಮಾತು. ಆದರೆ ಅಭಿಮಾನದಿಂದ ಸಾಲದ ಕಂತು ತೀರುವುದಿಲ್ಲವಾದ್ದರಿಂದ ವಿಷಯಕ್ಕೆ ಬರೋಣ.

ಕ್ವಾಲಿಸ್ ಹೋಗಿ 2005ರಲ್ಲಿ ಇನ್ನೋವಾ ಬಂದಂದಿನಿಂದ, ನಿಶ್ಚಯಕ್ಕೆ ಹೊರಡುವ ಹಿರಿಯರಿಂದ ಹಿಡಿದು ಬನಶಂಕರಿ ಜಾತ್ರೆಗೆ, ಕೂಡಲಸಂಗಮಕ್ಕೆ, ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗುವವರವರೆಗೆ ಎಲ್ಲರನ್ನೂ ಅದು ಹೊತ್ತು ತಿರುಗಿದೆ. ಹಳೆಯ ಇನ್ನೋವಾ, ಅನಂತರದ ಕ್ರಿಸ್ಟಾ, ಇವೆರಡೂ ಲಾರಿಯ ಮಾದರಿಯ ಗಟ್ಟಿ ಉಕ್ಕಿನ ಚಾಸಿಯ ಮೇಲೆ ಕೂರಿಸಿದ, ಹಿಂದಿನ ಗಾಲಿಗಳಿಂದ ಓಡುವ ವಾಹನಗಳು. ಹೈಕ್ರಾಸಿನಲ್ಲಿ ಆ ಚಾಸಿಯಿಲ್ಲ, ಒಡಲೇ ಚಾಸಿ. ಮುಂದಿನ ಗಾಲಿಗಳು ಎಳೆಯುತ್ತವೆ. ಡೀಸೆಲ್ ಎಂಜಿನ್ ಇಲ್ಲವೇ ಇಲ್ಲ. ಎರಡು ಲೀಟರ್ ಗಾತ್ರದ ಪೆಟ್ರೋಲ್ ಎಂಜಿನ್ ಮಾತ್ರವುಳ್ಳ ಮಾದರಿ ಒಂದು, ಅದಕ್ಕೆ ವಿದ್ಯುತ್ ಮೋಟಾರನ್ನು ಜೋಡಿಸಿದ ಹೈಬ್ರಿಡ್ ಮಾದರಿ ಇನ್ನೊಂದು. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ ಕ್ರಿಸ್ಟಾಕ್ಕಿಂತ 100 ಮಿಲಿಮೀಟರ್ ಹೆಚ್ಚಿ 2,850 ಮಿಲಿಮೀಟರ್ ಆಗಿದೆ. ಒಳಗಿನ ಅವಕಾಶ ಅಷ್ಟರ ಮಟ್ಟಿಗೆ ವಿಶಾಲವಾಗಿದೆ. ಚಾಸಿ ಹೋದುದರಿಂದ ನೆಲಗಟ್ಟು ತಗ್ಗಿದೆ. ಮೊಣಕಾಲು ನೋವಿನ ಅಜ್ಜಿಯೂ ಇಳಕಲ್ ಸೀರೆಯುಟ್ಟ ತಾಯಂದಿರೂ ಮೊದಲಿನಂತೆ ಮೆಟ್ಟಿಲೇರಿದ ಹಾಗೆ ಏರಬೇಕಾಗಿಲ್ಲ. ಪತ್ರಿಕೆಗಳ ಪರೀಕ್ಷಾ ವರದಿಗಳು ಇಂಥದನ್ನು ಬರೆಯುವುದು ಕಡಿಮೆ. ಮನೆಯವರಿಗೆ ಮಾತ್ರ ಇದು ಮೊದಲನೆಯ ಗುಣ. 2025ರಲ್ಲಿ ಭಾರತ್ ಎನ್‌ಕ್ಯಾಪ್ ಸುರಕ್ಷತಾ ಪರೀಕ್ಷೆಯಲ್ಲಿ ಈ ವಾಹನಕ್ಕೆ ಐದು ತಾರೆಗಳು ದೊರೆತಿರುವುದನ್ನೂ ಹೇಳಬೇಕು.

ಹೈಬ್ರಿಡ್ ಎಂದರೆ ಮನೆಯಲ್ಲಿ ಚಾರ್ಜಿಗೆ ಹಾಕಬೇಕೇ ಎಂದು ಅನೇಕರು ಕೇಳುತ್ತಾರೆ. ಬೇಡ. ಸಾಧಾರಣ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಓಟದ ಶಕ್ತಿಯೆಲ್ಲ ಬ್ರೇಕಿನ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಇಲ್ಲಿ ಅದೇ ಶಕ್ತಿ ಮೋಟಾರನ್ನು ತಿರುಗಿಸಿ, ವಿದ್ಯುತ್ತಾಗಿ ಬ್ಯಾಟರಿಗೆ ಸೇರುತ್ತದೆ. ಮುಂದೆ ಹೊರಡುವಾಗ, ನಿಧಾನವಾಗಿ ಸಾಗುವಾಗ ಆ ವಿದ್ಯುತ್ತೇ ಕಾರನ್ನು ಎಳೆಯುತ್ತದೆ, ಎಂಜಿನ್ ಸುಮ್ಮನಿರುತ್ತದೆ. ವೇಗ ಹೆಚ್ಚಿದಾಗ, ಏರಿನಲ್ಲಿ ಅಥವಾ ಬ್ಯಾಟರಿ ಇಳಿದಾಗ ಎಂಜಿನ್ ತಾನಾಗಿ ಚಾಲನೆಗೊಳ್ಳುತ್ತದೆ. ಎರಡೂ ಕೂಡಿ ಕೊಡುವ ಬಲ 186 ಅಶ್ವಶಕ್ತಿ. ಹೀಗಾಗಿ ಹೈಬ್ರಿಡ್ ಕಾರಿನ ಲಾಭವೆಲ್ಲ ನಿಂತು ಹೊರಡುವ ದಾರಿಯಲ್ಲಿದೆ. ತಡೆಯಿಲ್ಲದೆ ಒಂದೇ ವೇಗದಲ್ಲಿ ಓಡುವ ದಾರಿಯಲ್ಲಿ ಮರಳಿ ಪಡೆಯುವ ಶಕ್ತಿ ಸ್ವಲ್ಪವೇ. ಬೆಂಗಳೂರಿನವರು ಇದನ್ನು ಹೊಗಳುವುದಕ್ಕೆ ಕಾರಣ ಅವರ ಸಿಗ್ನಲ್ಲುಗಳು. ನಮ್ಮಲ್ಲಿ ಸಿಗ್ನಲ್ಲುಗಳೆಲ್ಲಿವೆ?

ಸಿಗ್ನಲ್ಲುಗಳಿಲ್ಲ, ಹಂಪ್‌ಗಳಿವೆ. ನಮ್ಮ ಬೀಗರೊಬ್ಬರ ಹೈಬ್ರಿಡ್ ಇನ್ನೋವಾದಲ್ಲಿ ನಾವು ಒಂದು ದಿನ ನವನಗರದಿಂದ ಬಾದಾಮಿಗೂ ಮರುದಿನ ಹುನಗುಂದದ ಮೇಲೆ ಇಳಕಲ್ಲಿಗೂ ಹೋಗಿ ಬಂದೆವು. ಕಮತಗಿ, ಅಮೀನಗಡದಂಥ ಊರುಗಳನ್ನು ದಾಟುವಾಗ ಹಂಪ್‌ಗಳು, ಟಂಟಂಗಳು, ಎರಡೆರಡು ಟ್ರೇಲರ್ ಎಳೆದುಕೊಂಡು ಸಾಗುವ ಕಬ್ಬಿನ ಟ್ರ್ಯಾಕ್ಟರುಗಳು ವಾಹನವನ್ನು ಮತ್ತೆ ಮತ್ತೆ ತಡೆದವು. ಪ್ರತಿ ತಡೆಯಲ್ಲಿಯೂ ಎಂಜಿನ್ ಅಡಗಿ, ಕರದಂಟಿನ ಅಂಗಡಿಗಳ ಮುಂದೆ ಕಾರು ಸದ್ದಿಲ್ಲದೆ ತೇಲಿದಂತೆ ಸಾಗಿತು. (ಸದ್ದಿಲ್ಲದಿರುವುದು ಅಪಾಯವೂ ಹೌದು; ರಸ್ತೆ ದಾಟುವ ವೃದ್ಧರಿಗೆ ಹಿಂದಿನಿಂದ ಬಂದುದು ತಿಳಿಯುವುದಿಲ್ಲ.) ಹುನಗುಂದದಿಂದ ಇಳಕಲ್ಲಿಗೆ ಹೋಗುವ ನಾಲ್ಕು ಪಥದ 50ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಹಿಡಿದೊಡನೆ ಚಿತ್ರ ಬೇರೆಯಾಯಿತು. ಅಲ್ಲಿ ಎಂಜಿನ್ ಬಹುಪಾಲು ನಡೆಯುತ್ತಲೇ ಇತ್ತು. ನಮ್ಮ ಜಿಲ್ಲೆಯ ದಾರಿ ಪೂರ್ಣ ನಗರವೂ ಅಲ್ಲ, ಪೂರ್ಣ ಹೆದ್ದಾರಿಯೂ ಅಲ್ಲ. ಉಳಿತಾಯವೂ ಅಂತೆಯೇ ಮಧ್ಯಮ.

ಇನ್ನು ಲೆಕ್ಕ. ನವನಗರದಲ್ಲಿ ವಾಸಿಸುವ ಶಿಕ್ಷಕ ದಂಪತಿಗಳ ಒಂದು ಮನೆಯನ್ನು ಮಾದರಿಯಾಗಿ ಕಲ್ಪಿಸಿಕೊಳ್ಳೋಣ. ಪತಿಗೆ ಬಾದಾಮಿಯಲ್ಲಿ ಕೆಲಸ, ಪತ್ನಿಗೆ ಇಳಕಲ್ಲಿನಲ್ಲಿ. ಇಂಥ ಮನೆಗಳು ನಮ್ಮ ಓದುಗರಲ್ಲಿ ಎಷ್ಟೋ ಇವೆ. ಬಾದಾಮಿಗೆ ಹೋಗಿ ಬರಲು ದಿನಕ್ಕೆ ಸುಮಾರು 80 ಕಿ.ಮೀ.; ವರ್ಷಕ್ಕೆ 250 ಕೆಲಸದ ದಿನಗಳೆಂದರೆ 20,000 ಕಿ.ಮೀ. ಇಳಕಲ್ಲಿಗಾದರೆ ದಿನಕ್ಕೆ ಸುಮಾರು 125, ವರ್ಷಕ್ಕೆ 31,000. ಒಂದೇ ಕಾರು ಎರಡು ದಿಕ್ಕಿಗೆ ಹೋಗಲಾರದೆಂಬುದನ್ನು ಮೊದಲೇ ಗಮನಿಸಬೇಕು.

ಪ್ರಮಾಣೀಕೃತ ಅಂಕಿಯಂತೆ ಹೈಬ್ರಿಡ್ ಹೈಕ್ರಾಸ್ ಲೀಟರಿಗೆ 23.24 ಕಿ.ಮೀ. ಓಡುತ್ತದೆ, ಬರಿಯ ಪೆಟ್ರೋಲ್ ಮಾದರಿ 16.13. ಪ್ರಯೋಗಶಾಲೆಯ ಅಂಕಿ ರಸ್ತೆಯ ಮೇಲೆ ದೊರೆಯದೆಂಬುದು ಕಾರುಳ್ಳವರಿಗೆಲ್ಲ ಗೊತ್ತು. ಆದಕಾರಣ ಹೈಬ್ರಿಡ್‌ಗೆ 16, ಪೆಟ್ರೋಲಿಗೆ 11 ಎಂದು ಬಿಗಿಯಾಗಿ ಹಿಡಿಯೋಣ. ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದಿರಲಿ. ಬಾದಾಮಿಯ ಓಡಾಟದಲ್ಲಿ ವರ್ಷಕ್ಕೆ ಸುಮಾರು 570 ಲೀಟರ್, ಅಂದರೆ 57,000 ರೂಪಾಯಿ ಉಳಿಯುತ್ತದೆ. ಇಳಕಲ್ಲಿನ ಓಡಾಟದಲ್ಲಿ 880 ಲೀಟರ್, 88,000 ರೂಪಾಯಿ. ಕೇಳಲು ಹಿತವಾಗಿದೆ. ಆದರೆ ಹೈಬ್ರಿಡ್‌ಗೆ ಪೆಟ್ರೋಲ್ ಮಾದರಿಗಿಂತ ಐದು ಲಕ್ಷ ಹೆಚ್ಚು ಕೊಡುವುದಾದರೆ, ಮೊದಲನೆಯವರಿಗೆ ಆ ಹಣ ಹಿಂದಿರುಗಲು ಒಂಬತ್ತು ವರ್ಷ ಬೇಕು, ಎರಡನೆಯವರಿಗೆ ಆರು ವರ್ಷದ ಹತ್ತಿರ. ಆ ಐದು ಲಕ್ಷವನ್ನು ಶೇಕಡಾ 9ರ ಬಡ್ಡಿಯಲ್ಲಿ ಸಾಲವಾಗಿ ತಂದಿದ್ದರೆ ಮೊದಲ ವರ್ಷದ ಬಡ್ಡಿಯೇ 45,000ದ ಹತ್ತಿರ ಬರುತ್ತದೆ. ಬಾದಾಮಿಗೆ ಹೋಗುವವರ ಉಳಿತಾಯವನ್ನು ಬಹುಪಾಲು ಬ್ಯಾಂಕೇ ಉಣ್ಣುತ್ತದೆ.

ಮತ್ತೊಂದು ಸೂಕ್ಷ್ಮವುಂಟು. ಹೈಬ್ರಿಡ್ ಬ್ಯಾಟರಿಗೆ ಕಂಪನಿ ಕೊಡುವ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ವರ್ಷಕ್ಕೆ 31,000 ಓಡಿಸುವವರ ವಾರಂಟಿ ಐದು ವರ್ಷ ಚಿಲ್ಲರೆಗೆ ಮುಗಿಯುತ್ತದೆ. ಹೆಚ್ಚಿಗೆ ಕೊಟ್ಟ ಹಣ ಕೈಸೇರುವುದಕ್ಕೂ ಮೊದಲು. ಬ್ಯಾಟರಿ ಆ ಹೊತ್ತಿಗೆ ಸತ್ತೇ ಹೋಗುತ್ತದೆಂದು ನಾವು ಹೇಳುತ್ತಿಲ್ಲ. ಈ ಜಾತಿಯ ನಿಕಲ್ ಬ್ಯಾಟರಿಗಳು ಬಾಳಿಕೆಗೆ ಹೆಸರಾದವು. ಆದರೂ ಹೊಣೆ ನಿಮ್ಮ ತಲೆಯ ಮೇಲೆ ಬರುವ ದಿನ ಯಾವುದು ಎಂಬುದನ್ನು ಮಾರಾಟಗಾರನು ತಾನಾಗಿ ಹೇಳುವುದಿಲ್ಲ.

ಹಾಗಾದರೆ ಹೈಬ್ರಿಡ್ ನಷ್ಟದ ಬಾಬತ್ತೇ? ಎಲ್ಲರಿಗೂ ಅಲ್ಲ. ಏಳು ಆಸನಗಳ ಕಾರಿನಲ್ಲಿ ಒಬ್ಬರೇ ಕುಳಿತು ಹೋಗುವುದಾದರೆ ಅದು ಯಾವ ಎಂಜಿನ್ನಿನದಾದರೂ ದುಂದು. ಇಳಕಲ್ಲಿಗೆ ನಿತ್ಯ ಹೋಗುವ ಐವರು ಸಹೋದ್ಯೋಗಿಗಳು ಒಂದೇ ವಾಹನದಲ್ಲಿ ಕೂಡಿ ಹೋಗಿ ಇಂಧನದ ವೆಚ್ಚವನ್ನು ಹಂಚಿಕೊಂಡರೆ, ದಿನಕ್ಕೆ ಸುಮಾರು 780 ರೂಪಾಯಿಯ ಪೆಟ್ರೋಲ್ ತಲೆಗೆ 156 ರೂಪಾಯಿಗೆ ಇಳಿಯುತ್ತದೆ. ಐದು ಕಾರುಗಳು ಓಡುವಲ್ಲಿ ಒಂದು ಓಡುತ್ತದೆ. ಹಾಗೆ ಬಳಸುವವರಿಗೆ ಈ ಕಾರನ್ನು ನಾವು ಸಂತೋಷದಿಂದ ಸೂಚಿಸುತ್ತೇವೆ. ಗಂಡಹೆಂಡಿರಿಬ್ಬರ ಓಡಾಟಕ್ಕಾದರೆ ಬಿಡದಿಯಲ್ಲಿಯೇ ತಯಾರಾಗುವ ಚಿಕ್ಕ ಹೈಬ್ರಿಡ್, ಅರ್ಬನ್ ಕ್ರೂಸರ್ ಹೈರೈಡರ್, ಹೆಚ್ಚು ಯುಕ್ತ. ಒಂದೂವರೆ ಲೀಟರಿನ ಎಂಜಿನ್. ಪ್ರಮಾಣೀಕೃತ ಮೈಲೇಜ್ 27.97. ರಸ್ತೆಯ ಮೇಲೆ 21 ಎಂದೂ, ಅದೇ ಕಾರಿನ ಸಾಧಾರಣ ಮಾದರಿಗೆ 15 ಎಂದೂ, ಬೆಲೆಯ ಅಂತರ ಎರಡೂವರೆ ಲಕ್ಷವೆಂದೂ ಹಿಡಿದರೆ, ಇಳಕಲ್ಲಿಗೆ ಹೋಗುವವರ ಹಣ ನಾಲ್ಕು ವರ್ಷ ಚಿಲ್ಲರೆಗೆ ಮರಳುತ್ತದೆ, ವಾರಂಟಿಯ ಒಳಗೆ.

ಸಂಪೂರ್ಣ ವಿದ್ಯುತ್ ಕಾರಿನ ಮಾತನ್ನೂ ಎತ್ತದಿದ್ದರೆ ತೂಕ ಸರಿಯಾಗದು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಂತೆ ಈ ಗಾತ್ರದ ಹೈಬ್ರಿಡ್ ಕಾರಿಗೆ ತೆರಿಗೆ ಶೇಕಡಾ 40. ವಿದ್ಯುತ್ ಕಾರಿಗೆ ಶೇಕಡಾ 5 ಮಾತ್ರ. ಸ್ವಂತ ಮನೆ, ಅಂಗಳ, ಮೀಟರ್ ಉಳ್ಳವರು ರಾತ್ರಿ ಚಾರ್ಜಿಗೆ ಹಾಕಿ ಹಗಲು 125 ಕಿ.ಮೀ. ಓಡಿಸುವುದು ಇಂದಿನ ವಿದ್ಯುತ್ ಕಾರುಗಳಿಗೆ ಕಷ್ಟವಲ್ಲ. ಮನೆಗೆ ಎರಡನೆಯ ಕಾರಾಗಿದ್ದರೆ ಅದೇ ಲೇಸು. ಬಾಡಿಗೆ ಮನೆಯವರಿಗೂ, ಒಂದೇ ಕಾರಿನಲ್ಲಿ ಬೆಂಗಳೂರು, ಶ್ರೀಶೈಲ ಎಲ್ಲವನ್ನೂ ಮುಗಿಸಬೇಕಾದವರಿಗೂ ಹೈಬ್ರಿಡ್ ನಿಶ್ಚಿಂತೆಯದು.

ಎಲ್ಲಕ್ಕಿಂತ ಅಗ್ಗದ ವಾಹನವನ್ನು ಮರೆಯಲಾಗದು. ನಾವು ಕಲ್ಪಿಸಿದ ಶಿಕ್ಷಕಿಗೆ ಸರ್ಕಾರಿ ಬಸ್ಸಿನಲ್ಲಿ ಇಳಕಲ್ಲಿನವರೆಗೂ ಪ್ರಯಾಣ ಉಚಿತ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಅದನ್ನು ಒದಗಿಸಿದೆ. ಪತಿಗೆ ಬಾದಾಮಿಯವರೆಗೆ ರೈಲೂ ಉಂಟು, ಬಸ್ಸೂ ಉಂಟು. ಆದುದರಿಂದ ಇವರು ಕಾರಿಗೆ ಕೊಡುವ ಹಣ ಪೆಟ್ರೋಲ್ ಉಳಿಸುವುದಕ್ಕಲ್ಲ, ಸಮಯ ಉಳಿಸುವುದಕ್ಕೆ. ಸಂಜೆ ಮಕ್ಕಳ ಓದಿನ ಹೊತ್ತಿಗೆ ಮನೆ ಸೇರುವ ಒಂದು ಗಂಟೆಗೆ ಬೆಲೆಯುಂಟು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದೇ ಮಗಳ ಎಂಜಿನಿಯರಿಂಗ್ ಶುಲ್ಕ ಮತ್ತು ಕಾರಿನ ಕಂತು ಒಂದೇ ತಿಂಗಳಲ್ಲಿ ಎದುರಾಗುವಂತಿದ್ದರೆ ಯಾವುದನ್ನು ಮುಂದೂಡಬೇಕೆಂಬುದನ್ನು ಶೋರೂಮಿಗೆ ಹೋಗುವ ಮೊದಲೇ ಮನೆಯಲ್ಲಿ ಕುಳಿತು ನಿರ್ಧರಿಸಬೇಕು. ಕಾಯಕಕ್ಕೆ ಬೇಕಾದ ವಾಹನ ಬೇರೆ, ಬೀದಿಯವರ ಕಣ್ಣಿಗೆ ಬೇಕಾದ ವಾಹನ ಬೇರೆ. ಮದುವೆಯ ಮಾತುಕತೆಯಲ್ಲಿ ವರನ ಕಡೆಯವರು ಇಂಥದೇ ಕಾರು ಬೇಕೆಂದು ಹೆಸರು ಹಿಡಿದು ಕೇಳುವ ರೂಢಿ ಕೆಲವೆಡೆ ಕಾಣುತ್ತಿದೆ. ಇಳಕಲ್ಲಿನ ಶ್ರೀ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನು ಬೇಡಿ ಪಡೆದರು. ಈ ಚಟಕ್ಕೂ ಒಂದು ಜೋಳಿಗೆ ಬೇಕಾಗಿದೆ.

ನಮ್ಮ ಬಿಸಿಲಿನಲ್ಲಿ ಹೈಬ್ರಿಡ್ ಕಾರನ್ನು ಸಾಕುವ ರೀತಿಯೂ ಸ್ವಲ್ಪ ಬೇರೆ. ಇದರಲ್ಲಿ ಹವಾನಿಯಂತ್ರಣವೂ ವಿದ್ಯುತ್ತಿನಿಂದಲೇ ನಡೆಯುವುದರಿಂದ ಎಂಜಿನ್ ನಿಂತಿದ್ದರೂ ಒಳಗೆ ತಂಪಿರುತ್ತದೆ. ಮೇ ತಿಂಗಳಲ್ಲಿ ಬ್ಯಾಟರಿ ಬೇಗ ಇಳಿದು ಎಂಜಿನ್ ಮತ್ತೆ ಮತ್ತೆ ಏಳುತ್ತದೆ, ಮೈಲೇಜ್ ಕುಗ್ಗುತ್ತದೆ. ಬ್ಯಾಟರಿಯನ್ನು ತಣಿಸಲು ಒಳಗಿನ ಗಾಳಿಯನ್ನೆಳೆಯುವ ಕಿಂಡಿಗಳಿಗೆ ಚೀಲ, ಚಾದರಗಳನ್ನು ಅಡ್ಡ ಇಡಬಾರದು. ಧೂಳನ್ನು ಸರ್ವೀಸಿನಲ್ಲಿ ತೆಗೆಸಬೇಕು. ಬೇಸಿಗೆ ರಜೆಯಲ್ಲಿ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಿ ಹೋದರೆ, ದೊಡ್ಡ ಬ್ಯಾಟರಿಯಲ್ಲ, ಅದರೊಡನಿರುವ ಸಾಧಾರಣ 12 ವೋಲ್ಟಿನ ಬ್ಯಾಟರಿ ಇಳಿದು ಕಾರು ಹೊರಡದೆ ನಿಲ್ಲುತ್ತದೆ. ಕಿತ್ತಳೆ ಬಣ್ಣದ ತಂತಿಗಳಲ್ಲಿ ಪ್ರಾಣಾಪಾಯದ ವಿದ್ಯುತ್ ಹರಿಯುತ್ತದೆ. ರಸ್ತೆ ಬದಿಯ ಮೆಕ್ಯಾನಿಕ್ ಎಷ್ಟೇ ಜಾಣನಿರಲಿ, ಅವಕ್ಕೆ ಕೈಹಾಕಗೊಡಬಾರದು. ಇಳಕಲ್ಲಿನ ಗ್ರಾನೈಟ್ ಕ್ವಾರಿಗಳಿಗೆ ದಿನವೂ ಇಳಿದು ಹತ್ತುವವರಿಗೆ ಹಳೆಯ ಚಾಸಿಯ ವಾಹನವೇ ತಕ್ಕುದು. ಹೈಕ್ರಾಸ್ ಅದಕ್ಕೆ ಹುಟ್ಟಿದ್ದಲ್ಲ.

ಕಬ್ಬು ಬೆಳೆಯುವ ಬಂಧುಗಳಿಗೆ ಒಂದು ಮಾತು. 2023ರ ಆಗಸ್ಟ್ 29ರಂದು ಇದೇ ಹೈಕ್ರಾಸಿನ ಇನ್ನೊಂದು ರೂಪವನ್ನು ದೆಹಲಿಯಲ್ಲಿ ಪ್ರದರ್ಶಿಸಲಾಯಿತು. ಹೆಚ್ಚಿನ ಪ್ರಮಾಣದ ಎಥನಾಲ್ ಬೆರೆತ ಇಂಧನದಿಂದ ಓಡುವ ಹೈಬ್ರಿಡ್ ಮಾದರಿ ಅದು. ಎಥನಾಲಿನಲ್ಲಿ ಪೆಟ್ರೋಲಿನಷ್ಟು ಶಕ್ತಿಯಿಲ್ಲ, ಮೈಲೇಜ್ ಇಳಿಯುತ್ತದೆ; ಆ ಕೊರತೆಯನ್ನು ಹೈಬ್ರಿಡ್ ತಂತ್ರ ತುಂಬಬೇಕೆಂಬುದು ಉದ್ದೇಶ. ಮುಧೋಳ, ಜಮಖಂಡಿ, ಬೀಳಗಿಗಳ ಕಬ್ಬಿನ ಗದ್ದೆಗಳಿಗೂ ಕಾರಿಗೂ ನಂಟು ಬೆಳೆಯುವ ದಾರಿ ಇದು. ಆದರೆ ಅಂದು ತೋರಿಸಿದ್ದು ಮೂಲಮಾದರಿ. ಅದರ ಭರವಸೆಯ ಮೇಲೆ ಇಂದು ಕಾರು ಕೊಳ್ಳಬೇಕಾಗಿಲ್ಲ.

ಕೊಳ್ಳಲು ಹೊರಟವರು ಶೋರೂಮಿನ ಸುತ್ತ ಒಂದು ಸುತ್ತು ಹಾಕಿಸಿ ಕಳುಹಿಸಿದರೆ ಒಪ್ಪಬಾರದು. ಮನೆಮಂದಿಯನ್ನು ಕೂರಿಸಿಕೊಂಡು, ಕಡೆಯ ಸಾಲಿನಲ್ಲಿ ಹಿರಿಯರೊಬ್ಬರನ್ನು ಕೂರಿಸಿ, ಅಮೀನಗಡದವರೆಗಾದರೂ ಓಡಿಸಿ ನೋಡಬೇಕು. ಹೊಸ ಹೈಬ್ರಿಡ್ ಬ್ಯಾಟರಿಯ ಇಂದಿನ ಬೆಲೆ, ಅದನ್ನು ಬದಲಿಸಬಲ್ಲ ಹತ್ತಿರದ ಕಾರ್ಯಾಗಾರದ ಊರು, ಎರಡನ್ನೂ ಕಾಗದದ ಮೇಲೆ ಬರೆಸಿಕೊಳ್ಳಬೇಕು. ಮೇಲಿನ ಲೆಕ್ಕದಲ್ಲಿ ನಾವು ಹಿಡಿದ ಐದು ಲಕ್ಷ ಮತ್ತು ಎರಡೂವರೆ ಲಕ್ಷದ ಜಾಗದಲ್ಲಿ ಆ ದಿನದ ನಿಜವಾದ ಅಂತರವನ್ನಿಟ್ಟು ಮತ್ತೊಮ್ಮೆ ಭಾಗಿಸಿ ನೋಡಿದರೆ ನಿಮ್ಮ ಮನೆಯ ಉತ್ತರ ನಿಮಗೆ ದೊರೆಯುತ್ತದೆ.