ದಾರಿ ತಪ್ಪಿದ ಹಕ್ಕಿಗಳ ದ್ವೀಪ

ಕಾಮರ್ಸ್ ಓದುವವನಿಗೆ ಹಕ್ಕಿಯ ಉಸಾಬರಿ ಯಾಕಪ್ಪಾ ಅಂತ ನೀವು ಕೇಳಬಹುದು. ಇದೂ ಜಮಾ-ಖರ್ಚಿನ ವಿಷಯವೇ ಸ್ವಾಮಿ!

ಸ್ಕಾಟ್ಲೆಂಡಿನ ಉತ್ತರಕ್ಕೆ, ಆರ್ಕ್ನಿ-ಶೆಟ್ಲೆಂಡ್‌ಗಳ ನಡುವೆ ಫೇರ್ ಐಲ್ ಎಂಬ ದ್ವೀಪವಿದೆ. ಉದ್ದ ಸುಮಾರು 5 ಕಿಲೋಮೀಟರು. ಜನ ನಮ್ಮ ಬಿ.ಕಾಂ. ಕ್ಲಾಸಿನಷ್ಟೂ ಇಲ್ಲ, ಮರಗಳಂತೂ ಇಲ್ಲವೆಂದೇ ಹೇಳಬೇಕು. ಆದರೂ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ದುರ್ಬೀನು ಹಿಡಿದವರು ಅಲ್ಲಿಗೆ ಹುಡುಕಿಕೊಂಡು ಹೋಗುತ್ತಾರೆ.

ಕಾರಣ ಮೂಡಣ ಗಾಳಿ. ಚಳಿಗೆ ಮುಂಚೆ ವಲಸೆ ಹೊರಟ ಸಣ್ಣ ಹಕ್ಕಿಗಳು ಹೆಚ್ಚಾಗಿ ರಾತ್ರಿ ಹಾರುತ್ತವೆ. ಮೈಯ ಕೊಬ್ಬೇ ಬಂಡವಾಳ. ಗಾಳಿ ಸಮುದ್ರದ ಮೇಲೆ ತಳ್ಳಿತೋ, ಖರ್ಚು ನಡೆದೇ ಇರುತ್ತದೆ, ಜಮೆ ಮಾತ್ರ ಇಲ್ಲ. ಬೆಳಗಾದಾಗ ಕಾಣುವ ನೆಲ ಇದೊಂದೇ. ಇಳಿದು, ಕಲ್ಲುಗೋಡೆಯ ಮರೆಯಲ್ಲಿ, ಕಾಲುವೆಯಲ್ಲಿ ಹುಳ ಹೆಕ್ಕುತ್ತವೆ. ಸೈಬೀರಿಯದ ಹಕ್ಕಿಯೂ ಹೀಗೆ ಕಾಣಸಿಗುತ್ತದೆ. ದ್ವೀಪ ಕಾಣದೆ ಸಮುದ್ರಕ್ಕೆ ಬಿದ್ದವುಗಳ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಜಾರ್ಜ್ ವಾಟರ್‌ಸ್ಟನ್ ಎಂಬವರು ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆಯಲ್ಲಿದ್ದಾಗಲೇ ಇಲ್ಲೊಂದು ಪಕ್ಷಿ ವೀಕ್ಷಣಾಲಯದ ಯೋಜನೆ ಹಾಕಿದರು. 1948ರಲ್ಲಿ ಅದು ಕೈಗೂಡಿತು. ಆಲಿಕೆಯಂಥ ದೊಡ್ಡ ತಂತಿಬೋನಿನೊಳಕ್ಕೆ ಹಕ್ಕಿಯನ್ನು ಮೆಲ್ಲಗೆ ಅಟ್ಟಿ, ಕಾಲಿಗೆ ನಂಬರಿನ ಉಂಗುರ ತೊಡಿಸಿ, ತೂಗಿ ಬಿಡುತ್ತಾರೆ. ಮತ್ತೆ ಸಿಕ್ಕಿದರೆ ಮತ್ತೆ ತೂಕ. ಒಂದೆರಡು ಗ್ರಾಂ ಏರಿದ್ದರೆ ಚೇತರಿಸಿಕೊಂಡಿದೆ ಅಂತ ಲೆಕ್ಕ. (ಪುಣೆಗೆ ಬಂದ ಮೊದಲ ತಿಂಗಳು, ಮೆಸ್ಸಿನ ಊಟದಲ್ಲಿ, ನನ್ನದು ಇಳಿದದ್ದೇ ಇಳಿದದ್ದು.)