ತುಪ್ಪದಲ್ಲಿ ತೆಗೆದದ್ದು, ಉಳಿದದ್ದು

ನಾಸಿಕ್‌ನ ಯೇವಲಾ, ಛತ್ರಪತಿ ಸಂಭಾಜಿನಗರದ ಸಿಲ್ಲೋಡ್ ಕಡೆ ಮಳೆಗಾಲದಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಮೆಕ್ಕೆಜೋಳ. ನಮ್ಮ ದಾವಣಗೆರೆ, ಹಾವೇರಿಯ ನೋಟವೂ ಇದೇ. ಈ ಬೆಳೆಯ ಪಿಷ್ಟಕ್ಕೆ ಕಿಣ್ವ ಹಾಕಿ ತಯಾರಿಸಬಹುದಾದ ಬೀಟಾ ಸೈಕ್ಲೋಡೆಕ್ಸ್‌ಟ್ರಿನ್ ಎಂಬ ಬಿಳಿ ಪುಡಿ, ತುಪ್ಪದೊಳಗಿನ ಕೊಲೆಸ್ಟರಾಲನ್ನು ಹೊರಗೆಳೆಯಬಲ್ಲದು.

ಏಳು ಗ್ಲೂಕೋಸ್ ಅಣುಗಳು ಕೈಕೈ ಹಿಡಿದು ನಿಂತ ಬಳೆ ಅದು. ಬಳೆಯ ಹೊರಮೈಗೆ ನೀರು ಇಷ್ಟ, ಒಳಗಿನ ಪೊಳ್ಳಿಗೆ ಜಿಡ್ಡು ಇಷ್ಟ. ಕರಗಿಸಿದ ಹಾಲಿನ ಕೊಬ್ಬಿಗೆ ನೀರು, ಪುಡಿ ಸೇರಿಸಿ ಕಲಕಿದರೆ ಕೊಲೆಸ್ಟರಾಲ್ ಆ ಪೊಳ್ಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಗಾತ್ರದಲ್ಲಿ ದೊಡ್ಡದಾದ ಕೊಬ್ಬಿನ ಅಣು ಹೊರಗೇ ಉಳಿಯುತ್ತದೆ. ಆಮೇಲೆ ಯಂತ್ರದಲ್ಲಿ ಗಿರ್ರನೆ ತಿರುಗಿಸಿ ಎರಡನ್ನೂ ಬೇರ್ಪಡಿಸಿದರಾಯಿತು. ಹದ ಸರಿಯಿದ್ದರೆ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಕೊಲೆಸ್ಟರಾಲ್ ಹೋಗುತ್ತದೆ. ಕರ್ನಾಲ್‌ನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯವರು ಕಡಿಮೆ ಕೊಲೆಸ್ಟರಾಲ್‌ನ ತುಪ್ಪ ಮಾಡಿ ತೋರಿಸಿದ್ದಾರೆ. ಈ ಸಂಸ್ಥೆ 1923ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಕರ್ನಾಲ್‌ಗೆ ಹೋದದ್ದು 1955ರಲ್ಲಿ.

ಬಿಸಿ ಹಬೆ ಹಾಯಿಸಿ ನಿರ್ವಾತದಲ್ಲಿ ಕೊಲೆಸ್ಟರಾಲ್ ಆವಿಯಾಗಿಸುವ ವಿಧಾನವೂ ಇದೆ. ಆದರೆ ಅದರ ಜೊತೆಗೆ ಘಮವೂ ಹಾರಿಹೋಗುತ್ತದೆ. ಘಮವಿಲ್ಲದ ತುಪ್ಪವನ್ನು ಹೋಳಿಗೆಗೆ ಯಾರು ಹಾಕಿಕೊಂಡಾರು? ಪುಡಿಯ ವಿಧಾನ ನನಗೆ ಮೆಚ್ಚುಗೆಯಾಗಲು ಇದೇ ಕಾರಣ.

ತಂತ್ರ ಸೊಗಸಾದದ್ದೇ, ಆತಂಕವಿರುವುದು ಅದರ ಹೆಸರಿನಲ್ಲಿ ನಡೆಯುವ ಮಾತಿನ ಬಗ್ಗೆ. 100 ಗ್ರಾಂ ತುಪ್ಪದಲ್ಲಿ ಸುಮಾರು 250ರಿಂದ 300 ಮಿಲಿಗ್ರಾಂ ಕೊಲೆಸ್ಟರಾಲ್ ಇರುತ್ತದೆ, ಅಂದರೆ ಒಂದು ಟೀ ಚಮಚಕ್ಕೆ ಬರೀ 12ರಿಂದ 15. ದೇಹ ತಾನೇ ದಿನವೂ ಇದರ ಹತ್ತಾರು ಪಟ್ಟು ತಯಾರಿಸುತ್ತದೆ. ರಕ್ತದ ಕೆಟ್ಟ ಕೊಲೆಸ್ಟರಾಲನ್ನು ಹೆಚ್ಚಾಗಿ ಏರಿಸುವುದು ಸ್ಯಾಚುರೇಟೆಡ್ ಕೊಬ್ಬು. ಅದು ನೂರು ಗ್ರಾಂ ತುಪ್ಪದಲ್ಲಿ ಸುಮಾರು 60 ಗ್ರಾಂ. ಪುಡಿ ಅದನ್ನು ಮುಟ್ಟುವುದೇ ಇಲ್ಲ.

ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಕ್ಕೂ ಇದು ಗೊತ್ತಿದೆ. ಗಟ್ಟಿ ಪದಾರ್ಥವೊಂದನ್ನು 'ಕೊಲೆಸ್ಟರಾಲ್ ಮುಕ್ತ' ಎನ್ನಬೇಕಾದರೆ 100 ಗ್ರಾಂಗೆ ಸ್ಯಾಚುರೇಟೆಡ್ ಕೊಬ್ಬು 1.5 ಗ್ರಾಂಗಿಂತ ಕಡಿಮೆ ಇರಬೇಕು. ತುಪ್ಪ ಆ ಗೆರೆಯಿಂದ ಬಹುದೂರ. ಹೃದ್ರೋಗವಿರುವ ಹಿರಿಯರು 'ಇದು ಒಳ್ಳೆಯ ತುಪ್ಪ' ಎಂದು ನಂಬಿ ಒಂದು ಚಮಚದ ಕಡೆ ಮೂರು ಸುರಿದುಕೊಂಡರೆ ನಷ್ಟ ಅವರಿಗೇ. ಡಬ್ಬಿ ಕೊಳ್ಳುವಾಗ ಹಿಂಬದಿಯಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಸಾಲನ್ನು ಮೊದಲು ಓದಿ. ಎಷ್ಟು ಹಾಕಿಕೊಳ್ಳಬಹುದು ಎಂಬುದನ್ನು ವೈದ್ಯರ ಬಳಿ ಕೇಳಿ.